ಮಳೆ ಯಾವ ವಿಷಯಕ್ಕೆ ಸೇರಿದ್ದು?

ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್ ನೀರು. ಐದನೇ ತರಗತಿಯ ಮಗುವಿಗೆ ಇದನ್ನು ಹೇಳಿಕೊಡಬೇಕಾದವರು ಯಾರು? ಗಣಿತದ ಮೇಷ್ಟ್ರೋ, ಪರಿಸರ ಅಧ್ಯಯನದ ಮೇಡಮ್ಮೋ? ವಿಸ್ತೀರ್ಣ, ಘನಫಲ ಎಂದ ಕೂಡಲೇ ಅದು ಗಣಿತಕ್ಕೆ ಹೋಗುತ್ತದೆ. ಮಳೆ ಎಂದರೆ ಪರಿಸರಕ್ಕೆ ಬರುತ್ತದೆ. ಮಳೆಗಾಲದ ಮೇಲೆ ಪ್ರಬಂಧ ಬರೆಸಿದರೆ ಕನ್ನಡ. ಊರ ಕೆರೆ ಕಟ್ಟಿಸಿದವರು ಯಾರು ಎಂದು ಕೇಳಿದರೆ ಸಮಾಜ ವಿಜ್ಞಾನ. ಹೀಗೆ ಹಂಚಿ ಹಾಕಿದ ಮೇಲೆ ಗಣಿತದ ಪುಸ್ತಕದಲ್ಲಿ ತೊಟ್ಟಿಯ ಲೆಕ್ಕ ಉಳಿಯುತ್ತದೆ, ಪರಿಸರದ ಪುಸ್ತಕದಲ್ಲಿ ಬಾಣದ ಗುರುತುಗಳ ಜಲಚಕ್ರ ಉಳಿಯುತ್ತದೆ. ಕಿಟಕಿಯಾಚೆ ಸುರಿಯುತ್ತಿರುವ ಮಳೆ ಮಾತ್ರ ಯಾವ ಪೀರಿಯಡ್ಡಿಗೂ ಸೇರುವುದಿಲ್ಲ.

ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನವನ್ನು ಬೇರೆ ವಿಷಯಗಳೊಂದಿಗೆ ಬೆರೆಸಿ ಕಲಿಸಬೇಕು ಎಂಬ ಮಾತನ್ನು ತರಬೇತಿಗೆ ಹೋದ ಶಿಕ್ಷಕರೆಲ್ಲ ಕೇಳಿರುತ್ತಾರೆ. ಪಾಠ ಯೋಜನೆಯಲ್ಲಿ 'ಸಹಸಂಬಂಧ' ಎಂದು ಬರೆದು ಅದರ ಮುಂದಿನ ಜಾಗ ತುಂಬಿಸಿಯೂ ಇರುತ್ತಾರೆ. ಅಲ್ಲಿ ಏನು ಬರೆಯಲಾಗುತ್ತದೆ ಎನ್ನುವುದು ಅವರಿಗೇ ಚೆನ್ನಾಗಿ ಗೊತ್ತು. ಎಲೆಯ ಪಾಠವಾದರೆ ಎಲೆ ಎಣಿಸುವುದು ಗಣಿತ, ಎಲೆಗೆ ಬಣ್ಣ ಹಚ್ಚುವುದು ಚಿತ್ರಕಲೆ, ಎಲೆಯ ಮೇಲೊಂದು ಹಾಡು ಹೇಳಿಸುವುದು ಭಾಷೆ. ಎಣಿಸಿದ್ದರಿಂದ ಮಗುವಿಗೆ ಎಲೆಯ ಬಗ್ಗೆ ಹೊಸದೇನೂ ತಿಳಿಯಲಿಲ್ಲ, ಎಣಿಕೆಯ ಬಗ್ಗೆಯೂ ತಿಳಿಯಲಿಲ್ಲ. ಇಂಥದ್ದನ್ನು ಸಮನ್ವಯ ಎಂದು ಕರೆಯುವುದಕ್ಕಿಂತ ಬಿಟ್ಟುಬಿಡುವುದು ಮೇಲು. ನನ್ನ ಮಟ್ಟಿಗೆ ಇದಕ್ಕೆ ಒಂದೇ ಪರೀಕ್ಷೆ: ಕೈಯಲ್ಲಿರುವ ಪ್ರಶ್ನೆಗೆ ಉತ್ತರ ಬೇಕಾದರೆ ಗಣಿತವಿಲ್ಲದೆ ಆಗದು, ಬರೆದಿಡದೆ ಆಗದು, ಊರಿನ ಹಿರಿಯರನ್ನು ಕೇಳದೆ ಆಗದು ಎಂಬ ಸ್ಥಿತಿ ಬಂದಿದೆಯೇ? ಮಳೆಯ ವಿಷಯದಲ್ಲಿ ಅದು ತಾನಾಗಿ ಬರುತ್ತದೆ. ಹೇಗೆಂದು ಸ್ವಲ್ಪ ಬಿಡಿಸಿಯೇ ನೋಡೋಣ.

ಬೇಕಾಗುವುದು ಗೋಡೆ ನೇರವಾಗಿರುವ ಒಂದು ಪ್ಲಾಸ್ಟಿಕ್ ಬಾಟಲಿ. ಕತ್ತಿನ ಕೆಳಗೆ ಕತ್ತರಿಸಿ, ಆ ಮೇಲಿನ ತುಂಡನ್ನು ತಲೆಕೆಳಗಾಗಿ ಆಲಿಕೆಯ ಹಾಗೆ ಕೂರಿಸಬೇಕು. ಬಾಟಲಿಯ ತಳ ಉಬ್ಬುತಗ್ಗಾಗಿರುವುದರಿಂದ ಒಂದಿಷ್ಟು ಜಲ್ಲಿ ಹಾಕಿ, ಅದು ಮುಳುಗುವಷ್ಟು ನೀರು ತುಂಬಿ, ಆ ಮಟ್ಟವನ್ನೇ ಸೊನ್ನೆ ಎಂದು ಗುರುತು ಮಾಡಿ, ಅಲ್ಲಿಂದ ಮೇಲಕ್ಕೆ ಮಿಲಿಮೀಟರಿನ ಪಟ್ಟಿ ಅಂಟಿಸಿದರೆ ಮಳೆಮಾಪಕ ಸಿದ್ಧ. ಮರದ ಕೆಳಗೆ, ಸೂರಿನ ಪಕ್ಕದಲ್ಲಿ ಇಡಬಾರದು. ಹವಾಮಾನ ಇಲಾಖೆ ದೇಶದಾದ್ಯಂತ ಬೆಳಿಗ್ಗೆ 8:30ಕ್ಕೆ ಹಿಂದಿನ 24 ಗಂಟೆಗಳ ಮಳೆಯನ್ನು ಅಳೆಯುತ್ತದೆ. ಶಾಲೆಯವರೂ ಅದೇ ಹೊತ್ತಿಗೆ ಅಳೆಯಬೇಕಾದರೆ ಶಾಲೆಯ ಹತ್ತಿರವೇ ಮನೆಯಿರುವ ಮಗುವಿಗೆ ಆ ಕೆಲಸ ವಹಿಸಬೇಕಾಗುತ್ತದೆ. ಭಾನುವಾರವೂ ಮಳೆ ಬರುತ್ತದೆ ಎಂಬ ತಕರಾರು ಮೊದಲ ವಾರದಲ್ಲೇ ಎದ್ದೇಳುತ್ತದೆ. ಅದು ಒಳ್ಳೆಯ ತಕರಾರು. ಒಂದು ದಿನ ತಪ್ಪಿದರೆ ತಿಂಗಳ ಮೊತ್ತ ಕೆಡುತ್ತದೆ ಎಂದು ಅರ್ಥವಾದ ಮಗುವಿಗೆ ದತ್ತಾಂಶ ಎಂದರೇನು ಎಂದು ವ್ಯಾಖ್ಯೆ ಬರೆಸುವ ಅಗತ್ಯ ಉಳಿಯುವುದಿಲ್ಲ.

ಮುಂದಿನ ಪ್ರಶ್ನೆ ಇನ್ನೂ ಚೆನ್ನಾಗಿದೆ. ಬಾಟಲಿಯ ಬದಲು ಅಗಲವಾದ ಡಬ್ಬ ಇಟ್ಟರೆ ಮಳೆ ಜಾಸ್ತಿ ತೋರಿಸುತ್ತದೆಯೇ? ಹೆಚ್ಚಿನ ಮಕ್ಕಳು ಹೌದು ಎನ್ನುತ್ತಾರೆ. ದೊಡ್ಡವರೂ ಹಾಗೇ ಅನ್ನುತ್ತಾರೆ. ಲೋಟ, ಡಬ್ಬ, ಬಕೆಟ್ಟುಗಳನ್ನು ಸಾಲಾಗಿಟ್ಟು ಅಳೆದು ನೋಡಿದರೆ, ಗೋಡೆ ನೇರವಾಗಿರುವ ಪಾತ್ರೆಗಳಲ್ಲೆಲ್ಲ ನೀರಿನ ಎತ್ತರ ಒಂದೇ. ಅಗಲ ಬಾಯಿಯ ಪಾತ್ರೆ ಹೆಚ್ಚು ನೀರು ಹಿಡಿಯುತ್ತದೆ ನಿಜ, ಆದರೆ ಆ ನೀರು ಅಷ್ಟೇ ಅಗಲವಾದ ತಳದ ಮೇಲೆ ಹರಡಿಕೊಳ್ಳುತ್ತದೆ. ಬಕೆಟ್ಟು ಮಾತ್ರ ಹೆಚ್ಚು ತೋರಿಸುತ್ತದೆ, ಏಕೆಂದರೆ ಅದರ ಬಾಯಿ ದೊಡ್ಡದು, ತಳ ಚಿಕ್ಕದು. ಪ್ರಶ್ನೆ ವಿಜ್ಞಾನದ್ದು, ಉತ್ತರ ಸಿಕ್ಕಿದ್ದು ರೇಖಾಗಣಿತದಲ್ಲಿ. ಇಲ್ಲಿ ಸಹಸಂಬಂಧವನ್ನು ಯಾರೂ ಹೊರಗಿನಿಂದ ತಂದು ತುರುಕಲಿಲ್ಲ.

ಈಗ ಶಾಲೆಯ ಚಾವಣಿಗೆ ಬನ್ನಿ. ಆರು ಮೀಟರ್ ಅಗಲ, ಎಂಟು ಮೀಟರ್ ಉದ್ದದ ಕೊಠಡಿಯ ಮೇಲೆ 25 ಮಿ.ಮೀ. ಮಳೆ ಬಿದ್ದರೆ 1,200 ಲೀಟರ್. ಮಗುವೊಂದಕ್ಕೆ ದಿನಕ್ಕೆ ಎರಡು ಲೀಟರಿನಂತೆ 60 ಮಕ್ಕಳ ಶಾಲೆಗೆ ಅದು ಹತ್ತು ದಿನದ ನೀರು. ಅಷ್ಟೂ ನೀರು ಕೈಗೆ ಸಿಗುವುದಿಲ್ಲ. ಚಾವಣಿ ಹೀರುವುದು, ಸೋರುವುದು, ಮೊದಲ ಮಳೆಯಲ್ಲಿ ಕೊಳೆ ತೊಳೆದುಕೊಂಡು ಹೋಗುವುದು ಎಲ್ಲ ಕಳೆಯಬೇಕು. ಎಷ್ಟು ಕಳೆಯಬೇಕು ಎನ್ನುವುದು ಮತ್ತೊಂದು ಪ್ರಯೋಗ. ಗಣಿತದ ಪುಸ್ತಕದಲ್ಲಿ ಗುಣಾಕಾರ ಮಾಡಿ ಉತ್ತರ ಬರೆದರೆ ಲೆಕ್ಕ ಮುಗಿಯಿತು. ಇಲ್ಲಿ ಉತ್ತರ ಬಂದ ಮೇಲೆ ಅದು ನಿಜವೇ ಎಂಬ ಸಂಶಯ ಶುರುವಾಗುತ್ತದೆ. ಆ ಸಂಶಯದ ಹೆಸರೇ ವಿಜ್ಞಾನ.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ. ಇಷ್ಟು ದಟ್ಟವಾದ ಜಾಲ ನಮ್ಮ ರಾಜ್ಯದಲ್ಲಿದ್ದೂ ಶಾಲೆಗಳು ಅದನ್ನು ಬಳಸುವುದು ಕಡಿಮೆ. ಶಾಲೆಯ ಬಾಟಲಿಯಲ್ಲಿ 18 ಮಿ.ಮೀ., ಪಂಚಾಯಿತಿಯ ಯಂತ್ರದಲ್ಲಿ 11 ಮಿ.ಮೀ. ಬಂದ ದಿನ ಯಾರದು ಸರಿ ಎಂದು ಕೇಳಿದರೆ ಮಕ್ಕಳು ಕೂಡಲೇ ತಮ್ಮದೇ ತಪ್ಪು ಎನ್ನುತ್ತಾರೆ. ಎರಡೂ ಸರಿಯಿರಬಹುದು. ಬೇಸಿಗೆಯ ಗುಡುಗು ಮಳೆ ಊರಿನ ಈ ತುದಿಯಲ್ಲಿ ಸುರಿದು ಆ ತುದಿಯನ್ನು ಒಣಗಿದಂತೆಯೇ ಬಿಡುವುದುಂಟು. ಮನೆಯ ದೊಡ್ಡವರನ್ನು ಕೇಳಿದರೆ 'ನಮ್ಮ ಹೊಲಕ್ಕೆ ಬಂತು, ಪಕ್ಕದವರದಕ್ಕೆ ಬರಲಿಲ್ಲ' ಎಂದು ಹೇಳಿಯೇ ಹೇಳುತ್ತಾರೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 2.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಮಾತ್ರ ಅದು 'ಮಳೆ ದಿನ'. ಈ ಗೆರೆ ಎಳೆದವರು ಮನುಷ್ಯರು. ಎರಡು ಮಿಲಿಮೀಟರಿಗೆ ಕೊಡೆ ಬಿಚ್ಚಿದ ಮಗು ಇದನ್ನು ಒಪ್ಪಬೇಕೇ ಬೇಡವೇ ಎಂಬುದರ ಮೇಲೆ ಅರ್ಧ ಗಂಟೆ ಚರ್ಚೆ ನಡೆಸಬಹುದು. ಕನ್ನಡ ಪೀರಿಯಡ್ಡಿನ ಚರ್ಚಾಸ್ಪರ್ಧೆಗೆ ಕೊಡುವ 'ವಿಜ್ಞಾನ ವರವೋ ಶಾಪವೋ' ಎಂಬ ಸವೆದ ವಿಷಯಕ್ಕಿಂತ ಇದು ಎಷ್ಟೋ ಪಾಲು ಮೇಲು.

ಇನ್ನು ಮಳೆ ನಕ್ಷತ್ರಗಳು. 'ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ' ಎಂಬ ಗಾದೆ ಹಳ್ಳಿಯ ಮಕ್ಕಳಿಗೆ ಅಜ್ಜ ಅಜ್ಜಿಯರ ಬಾಯಿಂದ ಬಂದಿರುತ್ತದೆ. ಸೂರ್ಯ ವರ್ಷದಲ್ಲಿ 27 ನಕ್ಷತ್ರಗಳನ್ನು ದಾಟುತ್ತಾನೆ ಎಂಬ ಲೆಕ್ಕದಲ್ಲಿ 365ನ್ನು 27ರಿಂದ ಭಾಗಿಸಿದರೆ ಒಂದೊಂದು ಮಳೆಗೆ ಹದಿಮೂರೂವರೆ ದಿನ. ರೋಹಿಣಿ ಮೇ ಕೊನೆಯ ವಾರದಲ್ಲಿ ಹಿಡಿದು ಜೂನ್ ಮೊದಲ ವಾರದ ತನಕ, ಆಮೇಲೆ ಮೃಗಶಿರ, ಆರಿದ್ರಾ, ಪುನರ್ವಸು. ಮಕ್ಕಳು ಹಿರಿಯರಿಂದ ಗಾದೆಗಳನ್ನು ಕೇಳಿ ಬರೆದುಕೊಳ್ಳಲಿ. ಅದು ಕನ್ನಡದ ಕೆಲಸ. ಯಾವ ಮಳೆಗೆ ಯಾವ ಬಿತ್ತನೆ ಎಂದು ಪಟ್ಟಿ ಮಾಡಲಿ; ಅದು ಊರಿನ ಆರ್ಥಿಕತೆ. ನಂತರ ಪ್ರತಿ ನಕ್ಷತ್ರದ ಎದುರು ತಮ್ಮ ಬಾಟಲಿಯ ಮಿಲಿಮೀಟರುಗಳನ್ನು ಬರೆಯಲಿ. ಗಾದೆಗೂ ಅಂಕಿಗೂ ತಾಳೆಯಾಗುತ್ತದೆಯೇ? ಒಂದು ವರ್ಷದ ಲೆಕ್ಕದಲ್ಲಿ ಗಾದೆ ಸರಿ ಎಂದೂ ಹೇಳಲಾಗದು, ಸುಳ್ಳು ಎಂದೂ ಹೇಳಲಾಗದು. ಹತ್ತು ವರ್ಷದ ಲೆಕ್ಕ ಬೇಕು. ಹಾಗಾದರೆ ಈ ವಹಿಯನ್ನು ಮುಂದಿನ ವರ್ಷದ ಐದನೇ ತರಗತಿಗೆ ಬಿಟ್ಟುಹೋಗಬೇಕು. ನಾವು ಅಳೆದದ್ದನ್ನು ಗುರುತಿಲ್ಲದ ಇನ್ನೊಬ್ಬರು ಮುಂದುವರಿಸುತ್ತಾರೆ ಎನ್ನುವ ತಿಳಿವು ಮಗುವಿಗೆ ಇದಕ್ಕಿಂತ ಸುಲಭವಾಗಿ ದಕ್ಕುವ ದಾರಿ ನನಗೆ ಕಾಣುವುದಿಲ್ಲ. ಶಿಕ್ಷಕರಿಗಾಗಿ ಒಂದು ಮಾತು: ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ಋತುಗಳಿಗೂ ಈ ನಕ್ಷತ್ರಗಳಿಗೂ ನಡುವಿನ ಹೊಂದಾಣಿಕೆ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಜಾರುತ್ತ ಹೋಗುತ್ತದೆ. ಸಾವಿರ ವರ್ಷ ಹಳೆಯ ಗಾದೆಯೊಂದು ಇದ್ದರೆ ಅದು ಇಂದು ಎರಡು ವಾರ ತಪ್ಪಿರುತ್ತದೆ.

ಭಾಷೆಯ ಪಾಲು ಗಾದೆಗೆ ಮುಗಿಯುವುದಿಲ್ಲ. 'ಇವತ್ತು ಮಳೆ ಜೋರಾಗಿ ಬಂತು' ಎಂದು ಒಬ್ಬಳು ಬರೆಯುತ್ತಾಳೆ, ಇನ್ನೊಬ್ಬ '23 ಮಿ.ಮೀ.' ಎಂದು ಬರೆಯುತ್ತಾನೆ. ಎರಡೂ ಬೇಕು. ಜೋರು ಮಳೆ ಅರ್ಧ ಗಂಟೆಯಲ್ಲಿ ಸುರಿಯಿತೋ, ಸೋನೆಯಾಗಿ ಹಗಲಿಡೀ ಹಿಡಿಯಿತೋ ಎಂಬುದು 23 ಎಂಬ ಅಂಕಿಯಲ್ಲಿ ಇಲ್ಲ. ಮಣ್ಣು ಕೊಚ್ಚಿ ಹೋಗುವುದು, ಇಂಗುವುದು ಅದರ ಮೇಲೆಯೇ ನಿಂತಿದೆ. ಮಗುವಿನ ಬರವಣಿಗೆ ನಿಖರವಾಗುವುದು ಇಂಥ ಕಡೆ. 'ಮಳೆ ಬಂದರೆ ರೈತರಿಗೆ ಸಂತೋಷವಾಗುತ್ತದೆ' ಎಂದು ಮಾರ್ಗದರ್ಶಿ ಪುಸ್ತಕದಿಂದ ಇಳಿಸಿಕೊಂಡ ಪ್ರಬಂಧದಲ್ಲಿ ಮಗುವಿಗೆ ಹೇಳಲಿಕ್ಕೆ ಸ್ವಂತದ್ದು ಏನೂ ಇರುವುದಿಲ್ಲ. ಅಳೆದು ನೋಡಿದವರಿಗೆ ಹೇಳಲಿಕ್ಕೆ ಇರುತ್ತದೆ.

ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ. ಚಳ್ಳಕೆರೆಯ ಕಡೆ ಐನೂರರ ಆಸುಪಾಸು. ಹದಿನಾಲ್ಕು ಪಟ್ಟು ವ್ಯತ್ಯಾಸ, ಒಂದೇ ರಾಜ್ಯದೊಳಗೆ. ಮಲೆನಾಡಿನ ಮನೆಗಳಿಗೆ ಇಳಿಜಾರಾದ ಹೆಂಚಿನ ಮಾಡು ಏಕೆ, ಬಯಲುಸೀಮೆಯ ಹಳೆಯ ಮನೆಗಳಿಗೆ ಮಟ್ಟಸವಾದ ಮಣ್ಣಿನ ಮಾಳಿಗೆ ಏಕೆ, ಇಲ್ಲಿ ಭತ್ತ ಅಲ್ಲಿ ರಾಗಿ ಸಜ್ಜೆ ಏಕೆ, ಮುದ್ದೆಯ ನಾಡು ಎಲ್ಲಿ ಮುಗಿದು ಗಂಜಿಯ ನಾಡು ಎಲ್ಲಿ ಶುರುವಾಗುತ್ತದೆ ಎಂಬ ಪ್ರಶ್ನೆಗಳಿಗೆಲ್ಲ ಆ ಎರಡು ಅಂಕಿಗಳಿಂದ ದಾರಿ ತೆರೆಯುತ್ತದೆ. ಆ ದಾರಿಯಲ್ಲಿ ಹೋದರೆ ಇನ್ನೊಂದು ಪ್ರಶ್ನೆಯೂ ಎದುರಾಗುತ್ತದೆ: ಬಿದ್ದ ನೀರು ಯಾರ ಮನೆಗೆ ನಲ್ಲಿಯಲ್ಲಿ ಬರುತ್ತದೆ, ಯಾರು ಕೊಡ ಹೊತ್ತು ತರಬೇಕು, ಊರಿನ ಯಾವ ಕೇರಿಯವರು ಯಾವ ಬಾವಿಗೆ ಇಳಿಯುವಂತಿರಲಿಲ್ಲ? ವಿಜ್ಞಾನದ ಪಾಠ ಇಲ್ಲಿಗೆ ಬಂದಾಗ ತಿರುಗಿ ಹೋಗುವ ಶಿಕ್ಷಕರೇ ಹೆಚ್ಚು. ಅವರ ಅಂಜಿಕೆ ಅರ್ಥವಾಗುತ್ತದೆ. ಆದರೆ ಸಮನ್ವಯ ಎಂದು ಹೊರಟ ಮೇಲೆ ಸಮಾಜ ವಿಜ್ಞಾನಕ್ಕೆ ಮಾತ್ರ ಬಾಗಿಲು ಹಾಕುವುದು ಸರಿಯಲ್ಲ.

ವಿಷಯಗಳನ್ನು ಬೆರೆಸಿ ಕಲಿಸುವ ಈ ವಿಚಾರಕ್ಕೆ ವಯಸ್ಸಾಗಿದೆ. ಜಾನ್ ಡ್ಯೂಯಿ 1896ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ತೆರೆದ ಪ್ರಯೋಗ ಶಾಲೆಯಲ್ಲಿ ಮಕ್ಕಳು ಅಡುಗೆ ಮಾಡುತ್ತ ರಸಾಯನ ವಿಜ್ಞಾನಕ್ಕೂ, ಉಣ್ಣೆ ಹತ್ತಿಗಳ ನೂಲು ತೆಗೆಯುತ್ತ ಇತಿಹಾಸಕ್ಕೂ ಬರುತ್ತಿದ್ದರು. ನಮ್ಮಲ್ಲಿ 1937ರ ಅಕ್ಟೋಬರ್‌ನಲ್ಲಿ ವಾರ್ಧಾದ ಸಮ್ಮೇಳನದಲ್ಲಿ ಗಾಂಧೀಜಿ ಮುಂದಿಟ್ಟು, ಝಾಕಿರ್ ಹುಸೇನ್ ಸಮಿತಿ ರೂಪ ಕೊಟ್ಟ ನಯೀ ತಾಲೀಮಿನ ತಿರುಳೂ ಇದೇ. ಒಂದು ತಕಲಿ ಹಿಡಿದರೆ ಹತ್ತಿ ಬೆಳೆಯುವ ಮಣ್ಣು, ಎಳೆಗಳ ಎಣಿಕೆ, ಬಟ್ಟೆ ವ್ಯಾಪಾರದ ಚರಿತ್ರೆ ಎಲ್ಲವೂ ಹೊರಡುತ್ತವೆ ಎಂದು ಅವರು ನಂಬಿದ್ದರು. ಎಲ್ಲವನ್ನೂ ಚರಕಕ್ಕೇ ಕಟ್ಟಿಹಾಕಲು ಹೋದಾಗ ಅದು ಹಟವಾಯಿತು. ಸಂಬಂಧ ಇಲ್ಲದಲ್ಲಿ ಸಂಬಂಧ ಹುಡುಕುವ ಚಟಕ್ಕೆ ಅಲ್ಲಿಂದ ಇಲ್ಲಿಯವರೆಗೂ ಬಿಡುಗಡೆ ಸಿಕ್ಕಿಲ್ಲ.

ಕನ್ನಡದಲ್ಲಿ ಈ ಕೆಲಸವನ್ನು ಬೇರೊಂದು ದಿಕ್ಕಿನಿಂದ ಮಾಡಿದವರು ಶಿವರಾಮ ಕಾರಂತರು. 1936ರಲ್ಲೇ ಮೂರು ಸಂಪುಟಗಳ 'ಬಾಲ ಪ್ರಪಂಚ'ವನ್ನು ಒಬ್ಬರೇ ಬರೆದರು. ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. ಕಾದಂಬರಿಕಾರ, ಯಕ್ಷಗಾನದವರು, ವಿಜ್ಞಾನ ಬರೆದವರು ಎಂದು ನಾವು ಈಗ ಅವರನ್ನು ಮೂರಾಗಿ ಕತ್ತರಿಸಿ ಓದುತ್ತೇವೆ. ಅವರಿಗೆ ಹಾಗೆ ಕತ್ತರಿಸಬೇಕು ಅನ್ನಿಸಿದ್ದಂತೆ ತೋರುವುದಿಲ್ಲ.

ಸರ್ಕಾರಿ ಪಠ್ಯಕ್ರಮದ ಮಟ್ಟದಲ್ಲಿ ನೋಡಿದರೆ, ಪ್ರಾಥಮಿಕ ಹಂತದಲ್ಲಿ ವಿಜ್ಞಾನ ಮತ್ತು ಸಮಾಜ ವಿಜ್ಞಾನ ಬೇರೆ ಬೇರೆ ಬೇಡ, ಪರಿಸರ ಅಧ್ಯಯನ ಎಂಬ ಒಂದೇ ವಿಷಯ ಇರಲಿ ಎಂಬ ಸಲಹೆ 1975ರ ರಾಷ್ಟ್ರೀಯ ಪಠ್ಯಕ್ರಮದಲ್ಲೇ ಬಂದಿತ್ತು. 2005ರ ಪಠ್ಯಕ್ರಮ ಚೌಕಟ್ಟಿನ ನಂತರ ಎನ್‌ಸಿಇಆರ್‌ಟಿ ಮೂರರಿಂದ ಐದನೇ ತರಗತಿಯ ಪುಸ್ತಕಗಳನ್ನು ಕುಟುಂಬ ಮತ್ತು ಗೆಳೆಯರು, ಆಹಾರ, ವಸತಿ, ನೀರು, ಪ್ರಯಾಣ, ನಾವು ಮಾಡುವ ವಸ್ತುಗಳು ಎಂಬ ಆರು ಎಳೆಗಳ ಮೇಲೆ ಹೆಣೆಯಿತು. ಆ ಸರಣಿಯ ಐದನೇ ತರಗತಿಯ ಸೊಳ್ಳೆಯ ಪಾಠ ನನಗೆ ಬಲು ಇಷ್ಟ. ಅಲ್ಲಿ ಮಲೇರಿಯಾ ಬಂದ ಹುಡುಗನ ರಕ್ತ ಪರೀಕ್ಷೆಯ ವರದಿ ಇದೆ, ಬೀದಿಯಲ್ಲಿ ನೀರು ನಿಂತ ಜಾಗಗಳ ಸಮೀಕ್ಷೆ ಇದೆ, ರೊನಾಲ್ಡ್ ರಾಸ್ ಆತ್ಮಕತೆಯಿಂದ ಆಯ್ದ ಒಂದು ತುಣುಕೂ ಇದೆ. ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ರೋಗಾಣುವನ್ನು ಕಂಡುಹಿಡಿದದ್ದು ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು, 1883ರಲ್ಲಿ, ಸೇನೆಯ ಯುವ ವೈದ್ಯನಾಗಿ ಬೆಂಗಳೂರಿನಲ್ಲಿದ್ದಾಗ ಬಂಗಲೆಯ ಬಳಿ ನಿಂತ ನೀರಿನಲ್ಲಿ ಸೊಳ್ಳೆ ಹುಟ್ಟುವುದನ್ನು ಗಮನಿಸಿ, ನೀರು ಚೆಲ್ಲಿದರೆ ಸೊಳ್ಳೆ ಕಡಿಮೆಯಾಗುತ್ತದೆ ಎಂದು ಕಂಡುಕೊಂಡಿದ್ದರು. ಅವರು ಕವಿಯೂ ಹೌದು. ತಮ್ಮ ಶೋಧದ ಬಗ್ಗೆ ಪದ್ಯ ಬರೆದಿದ್ದಾರೆ. ಬೆಂಗಳೂರಿನ ಶಾಲೆಯ ಶಿಕ್ಷಕಿಗೆ ಇದಕ್ಕಿಂತ ಇನ್ನೇನು ಬೇಕು?

ಕರ್ನಾಟಕದ್ದೇ ಆದ ಅನುಭವ ಎಂದರೆ ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಶಿಕ್ಷಕರು ಯೂನಿಸೆಫ್ ನೆರವಿನೊಂದಿಗೆ ಶುರು ಮಾಡಿದ್ದು, 2009-10ರಿಂದ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು, ಕಾರ್ಡು ಮತ್ತು ಕಲಿಕಾ ಏಣಿಯ ಮೂಲಕ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ ಅದು. ಅದರ ಬಗ್ಗೆ ದೂರುಗಳೂ ಇವೆ, ನಾನು ಅದರ ವಕೀಲನಲ್ಲ. ಆದರೆ ಬೇರೆ ಬೇರೆ ವಯಸ್ಸಿನವರು ಒಟ್ಟಿಗಿರುವ ಕೊಠಡಿ ಸಮನ್ವಯಕ್ಕೆ ಹೇಳಿ ಮಾಡಿಸಿದ್ದು. ಅದೇ ಮಳೆಮಾಪಕದಲ್ಲಿ ಒಂದನೇ ತರಗತಿಯವಳು ಮೋಡದ ಚಿತ್ರ ಬರೆಯಬಹುದು, ಮೂರನೆಯವನು ಗೆರೆ ಓದಬಹುದು, ಐದನೆಯವಳು ವಾರದ ಸರಾಸರಿ ತೆಗೆಯಬಹುದು. ಒಬ್ಬರೋ ಇಬ್ಬರೋ ಶಿಕ್ಷಕರಿರುವ ಹಳ್ಳಿ ಶಾಲೆಯನ್ನು ಕೊರತೆಯ ಪಟ್ಟಿಯಲ್ಲೇ ನೋಡಿ ನಮಗೆ ರೂಢಿ. ವಿಷಯಕ್ಕೊಬ್ಬ ಶಿಕ್ಷಕರಿರುವ, 40 ನಿಮಿಷಕ್ಕೊಮ್ಮೆ ಗಂಟೆ ಬಾರಿಸುವ ಪಟ್ಟಣದ ಶಾಲೆಗಿಂತ ಈ ಒಂದು ಕೆಲಸ ಅಲ್ಲಿಯೇ ಸಲೀಸು.

ಬಿಸಿಯೂಟದ ಅಡುಗೆಮನೆಯ ಬಗ್ಗೆ ಇಷ್ಟು ಉದ್ದ ಬರೆಯಬೇಕಾಗಿಲ್ಲ, ಅಲ್ಲಿನ ಅಂಕಿಗಳೇ ಮಾತಾಡುತ್ತವೆ. ಕ್ಷೀರಭಾಗ್ಯ ಯೋಜನೆಯಲ್ಲಿ ಮಗುವೊಂದಕ್ಕೆ 18 ಗ್ರಾಂ ಹಾಲಿನ ಪುಡಿಯಿಂದ 150 ಮಿಲಿಲೀಟರ್ ಹಾಲು. 60 ಮಕ್ಕಳಿಗೆ ಒಂದು ಕಿಲೋ 80 ಗ್ರಾಂ ಪುಡಿ, ಒಂಬತ್ತು ಲೀಟರ್ ಹಾಲು. ಕಿರಿಯ ಪ್ರಾಥಮಿಕದ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ. ಅಕ್ಕಿಯನ್ನು ಬೇಯಿಸುವ ಮೊದಲು ತೂಗಿ, ಅನ್ನವಾದ ಮೇಲೆ ಮತ್ತೆ ತೂಗಿದರೆ ತೂಕ ಎಲ್ಲಿಂದ ಬಂತು ಎಂಬ ಪ್ರಶ್ನೆ ಹುಟ್ಟುತ್ತದೆ. ಅಡುಗೆಯಮ್ಮನನ್ನು ಸಂದರ್ಶಿಸಿ ಬರೆದರೆ ಪತ್ರಿಕಾ ಬರವಣಿಗೆಯ ಅಭ್ಯಾಸವೂ ಆಯಿತು. ಎಸರಿಗೆ ಎಷ್ಟು ನೀರು ಎಂದು ಆಕೆ ಬೆರಳಿನ ಗೆಣ್ಣಿನಿಂದ ಅಳೆಯುವುದನ್ನು ನೋಡಿ ಮಕ್ಕಳು ಮಾನಕವಲ್ಲದ ಅಳತೆಯ ಪಾಠವನ್ನು ಮತ್ತೆ ತೆರೆಯಬಹುದು.

ಶೂನ್ಯ ನೆರಳಿನ ದಿನದ ವಿಷಯದಲ್ಲಿ ಮಾತ್ರ ನಮ್ಮ ಶಾಲಾ ಕ್ಯಾಲೆಂಡರು ಕೈಕೊಡುತ್ತದೆ. ಬೆಂಗಳೂರು, ಮಂಗಳೂರುಗಳಲ್ಲಿ ಸೂರ್ಯ ನೆತ್ತಿಯ ಮೇಲೆ ಸರಿಯಾಗಿ ಬಂದು ಕಂಬದ ನೆರಳು ಮಾಯವಾಗುವುದು ಏಪ್ರಿಲ್ 24ರ ಹೊತ್ತಿಗೆ ಮತ್ತು ಆಗಸ್ಟ್ 18ರ ಹೊತ್ತಿಗೆ. ಏಪ್ರಿಲ್‌ನಲ್ಲಿ ಬಿಸಿಲಿರುತ್ತದೆ, ಶಾಲೆ ಇರುವುದಿಲ್ಲ. ಆಗಸ್ಟ್‌ನಲ್ಲಿ ಶಾಲೆ ಇರುತ್ತದೆ, ಬಿಸಿಲಿರುವುದಿಲ್ಲ. ಆದರೂ ಬಿಟ್ಟುಕೊಡಬಾರದು. ಏಪ್ರಿಲ್ 24ರಂದು ಬೆಂಗಳೂರಿನಲ್ಲಿ ನೆರಳು ಮಾಯವಾಗುವುದು 12:17ರ ಸುಮಾರಿಗೆ, ಮಂಗಳೂರಿನಲ್ಲಿ ಅದಕ್ಕಿಂತ ಹನ್ನೊಂದು ನಿಮಿಷ ತಡವಾಗಿ. ಗಡಿಯಾರ ಎರಡೂ ಊರಿಗೆ ಒಂದೇ, ನಡು ಮಧ್ಯಾಹ್ನ ಬೇರೆ ಬೇರೆ. ರೇಖಾಂಶವನ್ನು ಗ್ಲೋಬಿನ ಮೇಲಿನ ಗೆರೆ ಎಂದು ಬಾಯಿಪಾಠ ಮಾಡಿದ ಮಗುವಿಗೂ, ಮಂಗಳೂರಿನ ಸೋದರತ್ತೆಗೆ ಫೋನ್ ಮಾಡಿ ನೆರಳು ಹೋಯಿತೇ ಎಂದು ಕೇಳಿದ ಮಗುವಿಗೂ ಭೂಗೋಳ ಒಂದೇ ಆಗಿರಲು ಸಾಧ್ಯವಿಲ್ಲ.

ಇಷ್ಟೆಲ್ಲ ಮಾಡುತ್ತ ಕೂತರೆ ಓದು ಬರಹ ಕಲಿಸುವುದು ಯಾವಾಗ ಎಂಬ ಪ್ರಶ್ನೆಯನ್ನು ಪಾಲಕರೂ ಅಧಿಕಾರಿಗಳೂ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅಮೆರಿಕದ ಫ್ಲೋರಿಡಾದಲ್ಲಿ ನ್ಯಾನ್ಸಿ ರೊಮಾನ್ಸ್, ಮೈಕೆಲ್ ವಿಟಾಲೆ ಎಂಬ ಸಂಶೋಧಕರು ನಾಲ್ಕನೇ ತರಗತಿಯ ಮಾಮೂಲು ಓದಿನ ಅವಧಿಯನ್ನು ತೆಗೆದುಹಾಕಿ, ಅದರ ಜಾಗದಲ್ಲಿ ದಿನಕ್ಕೆ ಎರಡು ಗಂಟೆ ವಿಜ್ಞಾನವನ್ನು ಇಟ್ಟು, ಓದು ಬರಹವನ್ನು ಅದರೊಳಗೇ ಸೇರಿಸಿ ನೋಡಿದರು. 1992ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಈ ಮಕ್ಕಳು ವಿಜ್ಞಾನದಲ್ಲಿ ಮುಂದಿದ್ದುದು ಆಶ್ಚರ್ಯವಲ್ಲ. ಓದಿನ ಪರೀಕ್ಷೆಯಲ್ಲೂ ಮುಂದಿದ್ದರು. ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಿಲ್ಲ. ಓದಿದ್ದು ಅರ್ಥವಾಗಬೇಕಾದರೆ ಅಕ್ಷರ ಬಂದರೆ ಸಾಲದು, ವಿಷಯ ಗೊತ್ತಿರಬೇಕು. ಅಮೆರಿಕದಲ್ಲೇ 1988ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಮಕ್ಕಳಿಗೆ ಬೇಸ್‌ಬಾಲ್ ಪಂದ್ಯವೊಂದರ ವಿವರಣೆ ಓದಲು ಕೊಟ್ಟಿದ್ದರು. ಆಟ ಗೊತ್ತಿದ್ದ, ಆದರೆ ಓದಿನಲ್ಲಿ ಹಿಂದಿದ್ದ ಮಕ್ಕಳು, ಆಟ ಗೊತ್ತಿಲ್ಲದ ಜಾಣ ಓದುಗರಿಗಿಂತ ಚೆನ್ನಾಗಿ ಅರ್ಥಮಾಡಿಕೊಂಡಿದ್ದರು. ಕಬಡ್ಡಿ ಆಡುವ ಹುಡುಗನಿಗೆ ಕಬಡ್ಡಿಯ ವರದಿ ಓದಲು ಕೊಟ್ಟು ನೋಡಿದರೆ ನಮ್ಮ ಶಿಕ್ಷಕರಿಗೂ ಇದು ಕಂಡೀತು. ಕನ್ನಡ ಓದಲು ತಡವರಿಸುವ ಮಗುವಿಗೆ ಇನ್ನಷ್ಟು ಕಾಗುಣಿತ ತಿದ್ದಿಸಿದರೆ ಸಾಕು ಎಂದುಕೊಳ್ಳುವವರು ಈ ಎರಡು ಅಧ್ಯಯನಗಳನ್ನು ಗಮನದಲ್ಲಿಡಬೇಕು.

ಆದರೆ ಬೆರೆಸುವಾಗ ವಿಜ್ಞಾನವೇ ಕಳೆದುಹೋಗುವ ಅಪಾಯ ದೊಡ್ಡದು, ನಮ್ಮಲ್ಲಿ ಅದು ಆಗಿಯೂ ಇದೆ. ಪರಿಸರ ಅಧ್ಯಯನ ಅನೇಕ ಶಾಲೆಗಳಲ್ಲಿ ಘೋಷಣೆಗಳ ವಿಷಯವಾಗಿಬಿಟ್ಟಿದೆ. ಮರ ಬೆಳೆಸಿ, ನೀರು ಉಳಿಸಿ, ಪ್ಲಾಸ್ಟಿಕ್ ಬಿಡಿ ಎಂದು ಮಕ್ಕಳು ಸಾಲಾಗಿ ಬರೆಯುತ್ತಾರೆ. ಜೂನ್ 5ರಂದು ಸಸಿ ನೆಟ್ಟು ಫೋಟೊ ತೆಗೆದು ಗುಂಪಿಗೆ ಹಾಕಲಾಗುತ್ತದೆ. ಆ ಸಸಿ ಎಷ್ಟು ಸೆಂಟಿಮೀಟರ್ ಬೆಳೆಯಿತು, ಯಾವ ವಾರ ಎಲೆ ಉದುರಿತು, ಹತ್ತು ಸಸಿಗಳಲ್ಲಿ ಎಷ್ಟು ಬದುಕಿದವು, ಸತ್ತವು ಏಕೆ ಸತ್ತವು ಎಂದು ಬರೆದಿಟ್ಟ ವಹಿ ಇರುವುದಿಲ್ಲ. ಮಕ್ಕಳು ಒಂದು ಮರವನ್ನು ವಾರವಾರ ನೋಡಿ ಚಿಗುರು, ಹೂವು, ಕಾಯಿ ದಾಖಲಿಸುವ 'ಸೀಸನ್‌ವಾಚ್' ಎಂಬ ಯೋಜನೆ ದೇಶದಲ್ಲಿದೆ. ಕೇರಳದ ಶಾಲೆಗಳು ಅದರಲ್ಲಿ ಬಹಳ ಮುಂದಿವೆ. ನಮ್ಮ ಯುಗಾದಿಗೆ ಮಾವಿನ ಚಿಗುರು, ಬೇವಿನ ಹೂ ಹೊತ್ತಿಗೆ ಸರಿಯಾಗಿ ಬರುತ್ತವೆಯೇ ಎಂದು ಹತ್ತು ವರ್ಷ ನೋಡಿದ ಶಾಲೆಯೊಂದು ಕರ್ನಾಟಕದಲ್ಲಿದ್ದರೆ ಅದರ ವಹಿಯನ್ನು ವಿಜ್ಞಾನಿಗಳೇ ಕೇಳಿ ಪಡೆದಾರು. ಇನ್ನು ದ್ಯುತಿಸಂಶ್ಲೇಷಣೆಯ ವ್ಯಾಖ್ಯೆಗೆ ಜನಪದ ಧಾಟಿ ಹಾಕಿ ಹಾಡಿಸುವುದು. ಮಕ್ಕಳು ಖುಷಿಯಾಗಿ ಹಾಡುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ. ಕಹಿ ಗುಳಿಗೆಗೆ ಬೆಲ್ಲ ಸವರಿದರೆ ಗುಳಿಗೆ ಬದಲಾಗುವುದಿಲ್ಲ. ಇಲ್ಲಿ ಬಾಯಿಪಾಠ ಬಾಯಿಪಾಠವಾಗಿಯೇ ಉಳಿಯುತ್ತದೆ. ಎಲೆಯ ಒಂದು ಭಾಗಕ್ಕೆ ಕಪ್ಪು ಕಾಗದ ಕಟ್ಟಿ ವಾರ ಬಿಟ್ಟು ಬಿಚ್ಚಿ ನೋಡಿದ ಮೇಲೆ ಹಾಡು ಕಟ್ಟಿದರೆ ಅದು ಬೇರೆ ಹಾಡಾಗುತ್ತದೆ.

ಶಿಕ್ಷಕರ ಅಳುಕನ್ನೂ ಒಪ್ಪಬೇಕು. ಪ್ರಾಥಮಿಕ ಶಾಲೆಯ ಬಹಳಷ್ಟು ಶಿಕ್ಷಕರು ಕಲಾ ವಿಭಾಗದಿಂದ ಬಂದವರು. ಮಗು ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ಮಾನ ಹೋಗುತ್ತದೆ ಎಂಬ ಭಯ ಅವರಲ್ಲಿದೆ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಶಾಲೆಗಳಿಂದ ಶುರುವಾದ ವಿಜ್ಞಾನ ಬೋಧನೆಯ ಪ್ರಯೋಗ ಈ ಭಯವನ್ನು ನೇರವಾಗಿ ಎದುರಿಸಿತ್ತು. ಶಿಕ್ಷಕರೇ ಮೊದಲು ಕೂತು ಪ್ರಯೋಗ ಮಾಡುತ್ತಿದ್ದರು, ತಿಂಗಳಿಗೊಮ್ಮೆ ಸೇರಿ ಯಾವುದು ಕೈಕೊಟ್ಟಿತು ಎಂದು ಮಾತಾಡುತ್ತಿದ್ದರು, ಪರೀಕ್ಷೆಯನ್ನು ಪುಸ್ತಕ ತೆರೆದಿಟ್ಟುಕೊಂಡು ಬರೆಸಲಾಗುತ್ತಿತ್ತು. ಅದನ್ನು ಮುಂದುವರಿಸಿದ ಏಕಲವ್ಯ ಸಂಸ್ಥೆ ಪ್ರಾಥಮಿಕ ತರಗತಿಗಳಿಗೆ 'ಪ್ರಾಶಿಕ' ಎಂಬ ಕಾರ್ಯಕ್ರಮ ರೂಪಿಸಿ, ಭಾಷೆ, ಗಣಿತ, ಪರಿಸರ ಮೂರನ್ನೂ ಒಂದೇ ಪುಸ್ತಕದಲ್ಲಿಟ್ಟ 'ಖುಷಿ ಖುಷಿ' ಎಂಬ ಪಠ್ಯಗಳನ್ನು ಹೊರತಂದಿತು. ಹೋಶಂಗಾಬಾದ್ ಕಾರ್ಯಕ್ರಮವನ್ನು ಸರ್ಕಾರ 2002ರಲ್ಲಿ ನಿಲ್ಲಿಸಿತು. ಮೂವತ್ತು ವರ್ಷ ನಡೆದ ಒಳ್ಳೆಯ ಕೆಲಸವೂ ಒಂದು ಆದೇಶದಲ್ಲಿ ಮುಗಿಯಬಹುದು ಎಂಬುದಕ್ಕೆ ಅದು ಸಾಕ್ಷಿ.

ನೀತಿಗಳ ಜಗಳ ಮುಂದುವರಿದೇ ಇರುತ್ತದೆ. ರಾಷ್ಟ್ರೀಯ ಶಿಕ್ಷಣ ನೀತಿ 2020 ವಿಷಯಗಳ ನಡುವಿನ ಗೋಡೆ ಕೆಡವುವ ಮಾತಾಡಿತು. ಅದನ್ನು ಒಪ್ಪದ ಕರ್ನಾಟಕ ಸರ್ಕಾರ 2023ರಲ್ಲಿ ಸುಖದೇವ್ ಥೋರಟ್ ಅಧ್ಯಕ್ಷತೆಯ ಆಯೋಗವನ್ನು ನೇಮಿಸಿತು. ಯಾವ ನೀತಿ ಗೆದ್ದರೂ ಮಳೆಮಾಪಕಕ್ಕೆ ತಡೆಯಿಲ್ಲ. ತಡೆಯಾಗುವುದು ಪ್ರಶ್ನೆಪತ್ರಿಕೆ. ವರ್ಷವಿಡೀ ಅಳೆದು, ಬರೆದು, ವಾದಿಸಿದ ಮಕ್ಕಳಿಗೆ ಕೊನೆಯಲ್ಲಿ 'ಮಳೆಯನ್ನು ಅಳೆಯುವ ಸಾಧನ ______' ಎಂದು ಬಿಟ್ಟ ಸ್ಥಳ ತುಂಬಲು ಕೊಟ್ಟರೆ, ಮುಂದಿನ ವರ್ಷ ಶಿಕ್ಷಕರು ಬಾಟಲಿಯನ್ನು ಎತ್ತಿಟ್ಟು ಪ್ರಶ್ನೋತ್ತರ ಬರೆಸುತ್ತಾರೆ. ಅವರನ್ನು ದೂರುವಂತಿಲ್ಲ. ಬದಲಿಗೆ ಒಂದು ವಾರದ ಮಳೆಯ ಕೋಷ್ಟಕ ಕೊಟ್ಟು, ಅದರಲ್ಲಿ ನಂಬಲಾಗದ ಒಂದು ಅಂಕಿಯನ್ನು ಗುರುತಿಸಿ ಏಕೆ ನಂಬಲಾಗದು ಎಂದು ಮೂರು ವಾಕ್ಯದಲ್ಲಿ ಬರೆಯಿರಿ ಎಂದು ಕೇಳಬಹುದು. ಆ ಒಂದು ಪ್ರಶ್ನೆಯಲ್ಲಿ ಗಣಿತವೂ ಕನ್ನಡವೂ ವಿಜ್ಞಾನವೂ ಪರೀಕ್ಷೆಯಾಗುತ್ತವೆ.

ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳನ್ನು ಅಂಕಿ ಅಂಶ ತುಂಬಿಸುವುದರಲ್ಲೇ ಮುಗಿಸದೆ, ವರ್ಷಕ್ಕೆ ಎರಡನ್ನಾದರೂ ಇಂಥ ಪ್ರಶ್ನೆಗಳನ್ನು ಕೂತು ಬರೆಯುವುದಕ್ಕೆ ಬಿಟ್ಟುಕೊಡಬೇಕು. ಶಾಲೆಗೆ ಭೇಟಿ ಕೊಡುವ ಶಿಕ್ಷಣಾಧಿಕಾರಿಗಳು, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು ಶಿಕ್ಷಕರ ಪಾಠ ಯೋಜನೆಯ ಪುಸ್ತಕ ಕೇಳುವ ಮೊದಲು ಮಕ್ಕಳು ತಾವೇ ಅಳೆದು ಬರೆದ ವಹಿಯೊಂದನ್ನು ಕೇಳಿ ನೋಡಲಿ. ಅದು ಇಲ್ಲದ ಶಾಲೆಯಲ್ಲಿ ಸಹಸಂಬಂಧದ ಜಾಗ ಎಷ್ಟೇ ಅಚ್ಚುಕಟ್ಟಾಗಿ ತುಂಬಿದ್ದರೂ ಅದಕ್ಕೆ ಸಹಿ ಹಾಕಬೇಕಾಗಿಲ್ಲ.